ಹನ್ನೆರಡಕ್ಕೆ ಪರೀಕ್ಷೆ, ಏಳಕ್ಕೇ ಟ್ಯೂಷನ್

ಮೊನ್ನೆ ಭಾನುವಾರ ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ದರು. ಮೊಮ್ಮಗಳನ್ನು "ಏನ್ ಪುಟ್ಟಿ, ಇವತ್ತು ಏನ್ ಆಟ ಆಡ್ದೆ?" ಅಂತ ಕೇಳಿದರು. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇವತ್ತು ಟ್ಯೂಷನ್ ಇರ್ಲಿಲ್ಲ ಅಜ್ಜಿ" ಅಂದಳು. ತಾವು ಕೇಳಿದ್ದು ಅವಳಿಗೆ ಕೇಳಿಸಲಿಲ್ಲವೇನೋ ಅಂದುಕೊಂಡು ಅಮ್ಮ ಮತ್ತೆ ಅದನ್ನೇ ಕೇಳಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾವು ಸಿಂಗಪುರಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಮಗಳು ಹುಟ್ಟಿದ್ದು ಇಲ್ಲೇ. ಈಗ ಪ್ರೈಮರಿ 3, ಅಂದರೆ ನಮ್ಮ ಕಡೆಯ ಮೂರನೇ ಕ್ಲಾಸು. ಒಂಬತ್ತು ತುಂಬೋಕೆ ಇನ್ನೂ ಮೂರು ತಿಂಗಳಿದೆ. ಇಲ್ಲಿನ ಶಾಲೆಗಳು ಕೆಟ್ಟವು ಅಂತ ನಾನು ಹೇಳೋದಿಲ್ಲ, ಹೇಳಿದರೆ ತಪ್ಪಾಗುತ್ತೆ. ಟೀಚರ್‌ಗಳು ಮನಸ್ಸಿಟ್ಟು ಕಲಿಸುತ್ತಾರೆ, ಬಡವರ ಮಗು ಓದುವ ಸರ್ಕಾರಿ ಶಾಲೆಯಲ್ಲೂ ಒಳ್ಳೆಯ ಲೈಬ್ರರಿ ಇದೆ. ಏಳು ವರ್ಷದ ಮಗು ಕೈಯಲ್ಲಿ ಪುಟ್ಟ ಪರ್ಸ್ ಹಿಡಿದು ಕ್ಯಾಂಟೀನ್ ಸಾಲಿನಲ್ಲಿ ನಿಂತು, ತನ್ನ ತಿಂಡಿ ತಾನೇ ಕೊಂಡು, ಚಿಲ್ಲರೆ ಎಣಿಸಿಕೊಂಡು, ತಿಂದಾದ ಮೇಲೆ ತಟ್ಟೆ ವಾಪಸ್ ಇಟ್ಟು ಬರುತ್ತೆ. ಮೊದಲ ವಾರ ಅದನ್ನು ನೋಡಿ ನನಗೆ ತುಂಬಾ ಖುಷಿಯಾಗಿತ್ತು.

ಕಷ್ಟ ಇರೋದು ಹನ್ನೆರಡನೇ ವಯಸ್ಸಿನಲ್ಲಿ ನಿಲ್ಲಿಸಿರುವ ಆ ಒಂದು ಗೇಟಿನಲ್ಲಿ. ಪಿಎಸ್‌ಎಲ್‌ಇ ಅಂತಾರೆ, ಪ್ರೈಮರಿ 6ರ ಕೊನೆಗೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಇಂಗ್ಲಿಷ್, ಗಣಿತ, ವಿಜ್ಞಾನ, ಮಾತೃಭಾಷೆ, ಹೀಗೆ ನಾಲ್ಕು ವಿಷಯ. ಒಂದೊಂದಕ್ಕೂ 1ರಿಂದ 8ರವರೆಗೆ ಒಂದು ಮಟ್ಟ ಕೊಡುತ್ತಾರೆ. 90 ಮತ್ತು ಅದಕ್ಕಿಂತ ಮೇಲೆ ಬಂದರೆ 1, 85ರಿಂದ 89 ಬಂದರೆ 2. ನಾಲ್ಕನ್ನೂ ಕೂಡಿದಾಗ 4 ಬಂದರೆ ಎಲ್ಲಕ್ಕಿಂತ ಮೇಲು, 32 ಬಂದರೆ ಎಲ್ಲಕ್ಕಿಂತ ಕೆಳಗೆ. ಮಗು ಮುಂದೆ ಯಾವ ಹೈಸ್ಕೂಲಿಗೆ ಹೋಗಬೇಕು ಅನ್ನೋದು ಹೆಚ್ಚುಕಡಿಮೆ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. ಹನ್ನೆರಡು ವರ್ಷಕ್ಕೆ ಕೆಲವು ಮಕ್ಕಳಿಗೆ ಇನ್ನೂ ಎಲ್ಲ ಹಾಲುಹಲ್ಲೂ ಬಿದ್ದಿರೋಲ್ಲ!

ಸರ್ಕಾರ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. 2019ರಿಂದ ಪ್ರೈಮರಿ 1 ಮತ್ತು 2ಕ್ಕೆ ಮಾರ್ಕ್ಸ್ ಕೊಡುವ ಪರೀಕ್ಷೆಗಳೇ ಇಲ್ಲ. ಅದೇ ವರ್ಷದಿಂದ ರಿಪೋರ್ಟ್ ಬುಕ್‌ನಲ್ಲಿ ಕ್ಲಾಸಿಗೆ ಎಷ್ಟನೇ ರ‍್ಯಾಂಕ್ ಅಂತ ಹಾಕೋದನ್ನೂ ನಿಲ್ಲಿಸಿದರು. ಬೇರೆ ಮಕ್ಕಳಿಗೆ ಹೋಲಿಸಿ ಅಂಕ ಕೊಡುತ್ತಿದ್ದ ಹಳೆಯ ಪಿಎಸ್‌ಎಲ್‌ಇ ಲೆಕ್ಕವನ್ನು 2021ರಲ್ಲಿ ಬದಲಾಯಿಸಿದರು. 2023ಕ್ಕೆ ಎಲ್ಲ ತರಗತಿಗಳ ಅರ್ಧವಾರ್ಷಿಕ ಪರೀಕ್ಷೆಯೂ ಹೋಯ್ತು. ಇಷ್ಟೆಲ್ಲ ಆದ ಮೇಲೆ ಒತ್ತಡ ಕಡಿಮೆ ಆಗಬೇಕಿತ್ತು ಅಲ್ವಾ? ಇಲ್ಲಿನ ಸರ್ಕಾರವೇ ಮಾಡುವ ಮನೆಖರ್ಚಿನ ಸಮೀಕ್ಷೆ ನೋಡಿ. 2017-18ರಲ್ಲಿ ಕುಟುಂಬಗಳು ಟ್ಯೂಷನ್‌ಗೆ ವರ್ಷಕ್ಕೆ 140 ಕೋಟಿ ಸಿಂಗಪುರ ಡಾಲರ್ ಖರ್ಚು ಮಾಡುತ್ತಿದ್ದವು. 2023ಕ್ಕೆ ಅದು 180 ಕೋಟಿ ಆಯ್ತು. ಪರೀಕ್ಷೆ ಇಳಿಯಿತು, ಟ್ಯೂಷನ್ ಏರಿತು.

ಯಾಕೆ ಅಂತ ನನಗೆ ಗೊತ್ತು, ಯಾಕೆಂದರೆ ನಾನೂ ಆ ಸಾಲಿನಲ್ಲಿ ನಿಂತವನೇ. ಶಾಲೆಯಿಂದ ಮಾರ್ಕ್ಸ್ ಬರೋದು ನಿಂತ ಕೂಡಲೇ ನಮಗೆ ಭಯ ಶುರುವಾಯ್ತು. ಗೇಟು ಅಲ್ಲೇ ಇದೆ, ಮಗು ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ. ಟ್ಯೂಷನ್ ಸೆಂಟರಿನವರು ಬಂದು, ನಾವು ಪರೀಕ್ಷೆ ಮಾಡಿ ಹೇಳುತ್ತೀವಿ ಅಂದರು, ನಾವು ಹೋದೆವು. ಕಿಯಾಸು ಅಂತ ಇಲ್ಲಿ ಒಂದು ಮಾತಿದೆ, ಹೊಕ್ಕಿಯನ್ ಚೀನೀ ಭಾಷೆಯದ್ದು. ಸೋಲುವ ಭಯ ಅಂತ ಅರ್ಥ. ಪಕ್ಕದ ಮನೆಯವರು ಹೋಗುತ್ತಿದ್ದಾರೆ ಅಂತ ನಾವೂ ಹೋಗೋದು, ನಾವು ಹೋಗುತ್ತಿದ್ದೀವಿ ಅಂತ ಮೇಲಿನ ಮನೆಯವರೂ ಹೋಗೋದು. ಶಾಲೆಗೆ ಸೇರಿಸುವ ಮೊದಲೇ ಇದು ಶುರುವಾಗುತ್ತೆ. ಹೆಸರಿರುವ ಶಾಲೆಯಲ್ಲಿ ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಮನೆ ಎಷ್ಟು ದೂರ ಅಂತ ನೋಡುತ್ತಾರೆ, 1 ಕಿಲೋಮೀಟರ್ ಒಳಗಿದ್ದವರಿಗೆ ಮೊದಲು, ಆಮೇಲೆ 2 ಕಿಲೋಮೀಟರ್ ಒಳಗಿನವರಿಗೆ, ಅದರಲ್ಲೂ ಹೆಚ್ಚಾದರೆ ಚೀಟಿ ಎತ್ತೋದು. ಇದಕ್ಕೋಸ್ಕರ ಮನೆ ಬದಲಾಯಿಸಿದವರು ನನ್ನ ಆಫೀಸಿನಲ್ಲೇ ಇಬ್ಬರಿದ್ದಾರೆ. ಸೇರುವಾಗ ಸ್ವಲ್ಪ ಆದ್ಯತೆ ಸಿಗಲಿ ಅಂತ ಶಾಲೆಯಲ್ಲಿ 40 ಗಂಟೆ ಸ್ವಯಂಸೇವೆ ಮಾಡಿದ ತಾಯಂದಿರೂ ಗೊತ್ತು.

ಕಳೆದ ತಿಂಗಳು ಒಂದು ಸಂಜೆ ಮಗಳು ಗಣಿತದ ಅಸೆಸ್‌ಮೆಂಟ್ ಬುಕ್ ಹಿಡಿದು ಕೂತಿದ್ದಳು. ಲೆಕ್ಕ ಹೀಗಿತ್ತು. ಒಬ್ಬನ ಹತ್ತಿರ ಇರುವ ಗೋಲಿ ಇನ್ನೊಬ್ಬನದಕ್ಕಿಂತ ಮೂರು ಪಟ್ಟು, ಅವನು 12 ಗೋಲಿ ಕೊಟ್ಟರೆ ಇಬ್ಬರದ್ದೂ ಸಮ ಆಗುತ್ತೆ, ಹಾಗಾದರೆ ಒಟ್ಟು ಗೋಲಿ ಎಷ್ಟು? ನಾವು ಹೈಸ್ಕೂಲಿಗೆ ಬಂದ ಮೇಲೆ ಎಕ್ಸ್ ಹಾಕಿ ಬಿಡಿಸಿದ ಲೆಕ್ಕ ಇದು. ಇಲ್ಲಿ ಪಟ್ಟಿ ಎಳೆದು ಬಿಡಿಸೋದು ಕಲಿಸುತ್ತಾರೆ. ಒಬ್ಬನಿಗೆ ಮೂರು ಮನೆ, ಇನ್ನೊಬ್ಬನಿಗೆ ಒಂದು ಮನೆ. ಮೂರರಲ್ಲಿ ಒಂದು ಮನೆ ಆ ಕಡೆ ಕೊಟ್ಟರೆ ಎರಡೂ ಕಡೆ ಎರಡೆರಡು. ಹಾಗಾದರೆ ಒಂದು ಮನೆ ಅಂದರೆ 12, ನಾಲ್ಕು ಮನೆಗೆ 48. ಎಷ್ಟು ಚೆಂದ ನೋಡಿ! ಅವಳು ಪೆನ್ಸಿಲ್ ಬಿಗಿಹಿಡಿದು ನಿಧಾನವಾಗಿ ಆ ಮನೆಗಳನ್ನು ಎಳೆಯುತ್ತಿದ್ದಳು, ಎರಡನೇ ಪಟ್ಟಿ ಸ್ವಲ್ಪ ಸೊಟ್ಟ ಬಂತು ಅಂತ ಅಳಿಸಿದಳು, ಮತ್ತೆ ಎಳೆದಳು. ಆಮೇಲೆ ತಲೆ ಎತ್ತಿ ಗೋಡೆ ಗಡಿಯಾರ ನೋಡಿ ಅಳೋಕೆ ಶುರು ಮಾಡಿದಳು. ಟ್ಯೂಷನ್‌ನಲ್ಲಿ ಇಂಥ ಲೆಕ್ಕಕ್ಕೆ ಎರಡು ನಿಮಿಷ ಅಂತೆ. ಅವಳಿಗೆ ಆರು ನಿಮಿಷ ಹಿಡಿದಿತ್ತು. ಉತ್ತರ ಸರಿಯಾಗೇ ಇತ್ತು. ಅವಳ ಅಳು ಮಾತ್ರ ನಿಲ್ಲಲಿಲ್ಲ.

ಇನ್ನು ಮಾತೃಭಾಷೆಯ ವಿಷಯ. ಇದು ಕನ್ನಡದವರಾದ ನಮಗೆ ಬೇರೆಯೇ ಸಂಕಟ. ಭಾರತೀಯ ಮಕ್ಕಳು ಶಾಲೆಯಲ್ಲಿ ತಮಿಳು ತಗೊಳ್ಳಬಹುದು. ತಮಿಳು ಬೇಡ ಅಂದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಈ ಐದರಲ್ಲಿ ಒಂದು. ಕನ್ನಡ ಇಲ್ಲ. ತೆಲುಗು, ಮಲಯಾಳಂ, ಮರಾಠಿಯೂ ಇಲ್ಲ. ಚಿಕ್ಕ ದೇಶ, ಎಲ್ಲ ಭಾಷೆಗೂ ಟೀಚರ್ ಇಡೋದು ಕಷ್ಟ ಅಂತ ನನಗೆ ಅರ್ಥ ಆಗುತ್ತೆ. ಆದರೂ ನಮ್ಮ ಮನೆಯಲ್ಲಿ ಯಾರೂ ಆಡದ ಹಿಂದಿ ನನ್ನ ಮಗಳ "ಮಾತೃಭಾಷೆ". ಅದರ ಮಾರ್ಕ್ಸ್ ಮುಂದೆ ಆ ನಾಲ್ಕರಲ್ಲಿ ಒಂದು. ಶನಿವಾರ ಬೆಳಿಗ್ಗೆ ಹಿಂದಿ ಕ್ಲಾಸು, ಅದಕ್ಕೆ ಮತ್ತೆ ಬುಧವಾರ ಒಂದು ಟ್ಯೂಷನ್. ಹಿಂದಿಯಲ್ಲಿ ಮೇಜ್ ಸ್ತ್ರೀಲಿಂಗ, ಬಾಗಿಲು ಪುಲ್ಲಿಂಗ. ನಮ್ಮ ಕನ್ನಡದಲ್ಲಿ ಎರಡೂ ಅದು, ಅಷ್ಟೇ. "ಅಪ್ಪಾ, ಮೇಜು ಹುಡುಗಿ ಅಂತ ಯಾರು ಹೇಳಿದ್ದು?" ಅಂತ ಕೇಳುತ್ತಾಳೆ. ಏನು ಹೇಳಲಿ? ಉರು ಹೊಡಿ ಕಂದಾ ಅಂತೀನಿ. ಹಿಂದಿ ಬರೆಯೋದು ಕಲಿಯುವಷ್ಟರಲ್ಲಿ ಕನ್ನಡದ ಅಕ್ಷರ ಕಲಿಸೋಕೆ ಇಟ್ಟುಕೊಂಡಿದ್ದ ಭಾನುವಾರವೂ ಹೋಯ್ತು. ಮಾತೃಭಾಷೆಯ ಪರೀಕ್ಷೆಗೋಸ್ಕರ ನನ್ನ ಮಗುವಿನ ಮಾತೃಭಾಷೆ ಹಿಂದೆ ಬಿತ್ತು. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತೆ.

ಇಲ್ಲಿ ವರ್ಷದ ಕೊನೆಯ ರಜೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆವರೆಗೆ. ಆಗ ಊರಲ್ಲಿ ಶಾಲೆ ನಡೆಯುತ್ತಿರುತ್ತೆ. ಹೋದ ಡಿಸೆಂಬರ್‌ನಲ್ಲಿ ಎಚ್.ಡಿ. ಕೋಟೆ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿರುವ ನನ್ನ ಅತ್ತಿಗೆಯ ಮನೆಗೆ ಹೋಗಿದ್ದೆವು. ಮನೆಯಲ್ಲಿ ಒಬ್ಬಳೇ ಇರ್ತಾಳೆ ಅಂತ ಅತ್ತಿಗೆ ನನ್ನ ಮಗಳನ್ನೂ ಮೂರು ದಿನ ಜೊತೆಗೆ ಶಾಲೆಗೆ ಕರೆದುಕೊಂಡು ಹೋದರು. ನಲಿ-ಕಲಿ ತರಗತಿ. ನಮ್ಮಲ್ಲಿ ಬಹಳ ಜನಕ್ಕೆ ಹೆಸರು ಗೊತ್ತು, ಒಳಗೆ ಏನು ನಡೆಯುತ್ತೆ ಅಂತ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. 1995ರಲ್ಲಿ ಶುರುವಾಗಿದ್ದು ಇದೇ ಎಚ್.ಡಿ. ಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಕೂತು ಕಾರ್ಡು ಬರೆದು ಮಾಡಿದ ಪದ್ಧತಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಗೆ ಕಲಿಕಾ ಏಣಿ ಹಾಕಿರುತ್ತಾರೆ. ಮಗು ಬಂದು ತಾನು ಯಾವ ಮೆಟ್ಟಿಲಲ್ಲಿದ್ದೀನಿ ಅಂತ ನೋಡಿ, ಅದೇ ಚಿತ್ರ ಇರುವ ಕಾರ್ಡು ಹುಡುಕಿ ತಗೊಂಡು ಕೂರುತ್ತೆ. ಒಂದು ವಾರ ಜ್ವರ ಬಂದು ಶಾಲೆ ತಪ್ಪಿದರೆ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತೆ, ಯಾರೂ ಅದನ್ನು ಬಿಟ್ಟು ಓಡಿಹೋಗಿರೋಲ್ಲ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೇ ಕಪ್ಪು ಹಲಗೆ ಬಳಿದಿದ್ದಾರೆ, ತಲೆ ಮೇಲೆ ಹಗ್ಗದ ಚಪ್ಪರ ಕಟ್ಟಿ ಅವರು ಬರೆದ ಚಿತ್ರಗಳನ್ನು ತೂಗುಹಾಕಿದ್ದಾರೆ.

ಮೊದಲ ದಿನ ಒಬ್ಬ ಎರಡನೇ ಕ್ಲಾಸಿನ ಹುಡುಗ ನನ್ನ ಮಗಳಿಗೆ ಆ ಕಪ್ಪು ಹಲಗೆಯ ಮೇಲೆ "ಳ" ಬರೆದು ತೋರಿಸಿದನಂತೆ. ಅವಳು ನಾಲ್ಕು ಸಲ ಬರೆದು ಐದನೇ ಸಲ ಸರಿಯಾಗಿ ಬರೆದು, ಅತ್ತಿಗೆಯ ಹತ್ತಿರ ಹೋಗಿ "ಅತ್ತೆ, ಎಷ್ಟು ಮಾರ್ಕ್ಸ್?" ಅಂತ ಕೇಳಿದಳಂತೆ. "ಮಾರ್ಕ್ಸ್ ಇಲ್ಲ ಕಣೇ, ಮುಂದಿನ ಕಾರ್ಡ್ ತಗೋ ಹೋಗು" ಅಂದರಂತೆ. ಮೂರನೇ ದಿನ ಅವಳು ತನ್ನ ಹೆಸರನ್ನು ಕನ್ನಡದಲ್ಲಿ ಬರೆದ ಹಾಳೆ ತಂದು ನನ್ನ ಕೈಗೆ ಕೊಟ್ಟಳು. ಆ ಹಾಳೆ ಈಗ ನಮ್ಮ ಫ್ರಿಜ್ ಮೇಲಿದೆ.

ಅಲ್ಲಿ ಎಲ್ಲ ಸರಿಯಿದೆ ಅಂತ ಅಲ್ಲ. ಅತ್ತಿಗೆಯೇ ಹೇಳುತ್ತಾರೆ, ಕೆಲಸಕ್ಕೆ ತಕ್ಕಷ್ಟು ಟೀಚರ್ ಇಲ್ಲ, ಸಮೀಕ್ಷೆ, ಚುನಾವಣೆ ಅಂತ ಇದ್ದವರನ್ನೂ ಕರೆಯುತ್ತಾರೆ, ಕಾರ್ಡುಗಳು ಹರಿದುಹೋದರೆ ಬೇರೆ ಬರೋದು ತಡ. ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಚಿಕ್ಕ ಮಕ್ಕಳಿಗೆ ಅವರವರ ಹೊತ್ತು ಕೊಡಬೇಕು ಅಂತ ನಮ್ಮ ಹಳ್ಳಿ ಮೇಷ್ಟ್ರುಗಳು ಮೂವತ್ತು ವರ್ಷದ ಹಿಂದೆಯೇ ಕಂಡುಕೊಂಡು ಮಾಡಿ ತೋರಿಸಿದ್ದಾರೆ. ಸಿಂಗಪುರ ಇಷ್ಟು ದುಡ್ಡು, ಇಷ್ಟು ಬುದ್ಧಿ ಇದ್ದೂ ಈಗ ಒಂದೊಂದೇ ಪರೀಕ್ಷೆ ತೆಗೆದು ಆ ಕಡೆ ಬರೋಕೆ ನೋಡುತ್ತಿದೆ. ನಮ್ಮ ರಾಜ್ಯದಲ್ಲಿ ಮಾತ್ರ 2023ರಲ್ಲಿ 5 ಮತ್ತು 8ನೇ ತರಗತಿಗೆ ಬೋರ್ಡ್ ಮಟ್ಟದ ಪರೀಕ್ಷೆ ತಂದರು, ಅದು ಕೋರ್ಟಿಗೆ ಹೋಯ್ತು, 2024ರಲ್ಲಿ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕುವ ತನಕ ಎಳೆಯಿತು. ಹತ್ತು ವರ್ಷದ ಮಕ್ಕಳು ಪರೀಕ್ಷೆ ಇದೆಯೋ ಇಲ್ಲವೋ ಅಂತ ಕಾಯಬೇಕಾಯ್ತು. ಬೆಂಗಳೂರಿನಲ್ಲಿರುವ ನನ್ನ ತಮ್ಮ ಯುಕೆಜಿ ಮಗನಿಗೆ ಅಬ್ಯಾಕಸ್, ಒಲಿಂಪಿಯಾಡ್ ಎರಡಕ್ಕೂ ಸೇರಿಸಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಣ್ಣಾ, ಸಿಂಗಪುರದ ಗಣಿತದ ಪುಸ್ತಕ ತಗೊಂಡು ಬಾ" ಅಂದ. ಯಾಕೋ, ಅವನಿಗಿನ್ನೂ ಐದು ವರ್ಷ ಕಣೋ ಅಂದೆ. ಎಲ್ಲರೂ ಮಾಡಿಸ್ತಿದಾರೆ ಅಣ್ಣಾ ಅಂದ. ನಾನು ಇಲ್ಲಿ ಹೇಳುವ ಮಾತೇ ಅದು.

ಈ ಜುಲೈಯಿಂದ ಗಣಿತದ ಟ್ಯೂಷನ್ ಬಿಡಿಸಿದ್ದೀವಿ. ಹೆಂಡತಿ ಪೂರ್ತಿ ಒಪ್ಪಿಲ್ಲ. ಅವಳ ಮಾತಿನಲ್ಲೂ ಹುರುಳಿದೆ, ಮಿಕ್ಕವರೆಲ್ಲ ಓಡುತ್ತಿರುವಾಗ ನಮ್ಮ ಮಗುವೊಂದೇ ನಡೆದರೆ ಗೇಟಿನ ಹತ್ತಿರ ಏನಾಗುತ್ತೆ ಅಂತ ಅವಳ ಭಯ. ಪ್ರೈಮರಿ 5 ಬಂದಾಗ ಮತ್ತೆ ಸೇರಿಸೋಣ ಅಂತಾಳೆ. ನಾನು ಇನ್ನೂ ಹೂಂ ಅಂದಿಲ್ಲ. ಮಂಗಳವಾರ ನಾಲ್ಕರಿಂದ ಆರು ಈಗ ಖಾಲಿ. ಮೊದಲೆರಡು ವಾರ ಮಗಳಿಗೆ ಆ ಹೊತ್ತಲ್ಲಿ ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ, ಸುಮ್ನೆ ಸೋಫಾ ಮೇಲೆ ಕೂತಿರುತ್ತಿದ್ದಳು. ಈಗ ಫ್ಲ್ಯಾಟಿನ ಕೆಳಗಿನ ಖಾಲಿ ಜಾಗದಲ್ಲಿ ಮೂರನೇ ಮಹಡಿಯ ಮಲಯ್ ಹುಡುಗಿಯ ಜೊತೆ ಸೈಕಲ್ ಹೊಡೆಯುತ್ತಾಳೆ. ಉಳಿದ ದಿನ ಆ ಹುಡುಗಿಗೂ ಟ್ಯೂಷನ್ ಇದೆ, ಹಾಗಾಗಿ ಮಂಗಳವಾರ ಮಾತ್ರ.