ಕನಿಕರ ಯಾರ ಕಡೆಗೆ ಎಂಬುದನ್ನು ಚಿತ್ರದ ಸಂಕಲನವೂ ತೀರ್ಮಾನಿಸುತ್ತದೆ
ನೈಜ ಅಪರಾಧಗಳ ಸಾಕ್ಷ್ಯಚಿತ್ರಗಳು ಪುರಾವೆಗಳನ್ನು ಮುಂದಿಟ್ಟು ತೀರ್ಮಾನವನ್ನು ಪ್ರೇಕ್ಷಕರಿಗೇ ಬಿಡುತ್ತವೆ ಎಂದು ಅವುಗಳ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಆರೋಪಿಯ ತಾಯಿಯನ್ನು ಅಡುಗೆಮನೆಯ ಕಿಟಕಿ ಬೆಳಕಿನಲ್ಲಿ, ಮುಖ ಪರದೆ ತುಂಬುವಷ್ಟು ಹತ್ತಿರದಿಂದ ತೋರಿಸಿ, ಆಕೆ ಮಾತು ನಿಲ್ಲಿಸಿದ ಮೇಲೂ ಕೆಲವು ಕ್ಷಣ ದೃಶ್ಯವನ್ನು ಕತ್ತರಿಸದೆ ಉಳಿಸಿಕೊಂಡು, ಅದರ ಬೆನ್ನಿಗೇ ತನಿಖಾಧಿಕಾರಿಯನ್ನು ಟ್ಯೂಬ್‌ಲೈಟಿನ ಕೆಳಗೆ ದೂರದಿಂದ ತೋರಿಸಿದರೆ, ಒಂದು ಪದವೂ ಸುಳ್ಳಾಗದೆ ನಮ್ಮ ಕನಿಕರ ಯಾರಿಗೆ ಸಲ್ಲಬೇಕೆಂಬುದು ನಿಶ್ಚಯವಾಗಿಬಿಡುತ್ತದೆ. ಯಕ್ಷಗಾನ ನೋಡಿ ಬೆಳೆದ ನಮ್ಮ ಉಡುಪಿ, ಮಂಗಳೂರಿನವರಿಗೆ ಇದು ಹೊಸತೇನಲ್ಲ. ಭಾಗವತರು ರಾಗ ಬದಲಿಸಿ ಪದ ಎತ್ತಿದರೆ ಖಳನ ಬಗ್ಗೆಯೂ ಮರುಕ ಹುಟ್ಟುತ್ತದೆ. ಆದರೆ ಭಾಗವತರು ರಂಗಸ್ಥಳದಲ್ಲಿ ಎಲ್ಲರ ಕಣ್ಣೆದುರೇ ಇರುತ್ತಾರೆ, ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಸಂಕಲನಕಾರರು ಇರುವುದಿಲ್ಲ.

ಹಾಗೆಂದು ತಂತ್ರವೆಲ್ಲ ಮೋಸವೆನ್ನಲಾಗದು. ಎರಲ್ ಮಾರಿಸ್ ಅವರ 1988ರ ‘ದಿ ಥಿನ್ ಬ್ಲೂ ಲೈನ್’ ಸಾಕ್ಷ್ಯಚಿತ್ರವು ಅಮೆರಿಕದ ಡಲ್ಲಾಸ್‌ನಲ್ಲಿ 1976ರಲ್ಲಿ ನಡೆದ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯನ್ನು ಬೇರೆ ಬೇರೆ ಹೇಳಿಕೆಗಳಿಗೆ ತಕ್ಕಂತೆ ಮತ್ತೆ ಮತ್ತೆ ಅಭಿನಯಿಸಿ ತೋರಿಸುತ್ತದೆ. ಆ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂಬುದು ಹಾಗಾಗಿಯೇ ಕಣ್ಣಿಗೆ ಕಟ್ಟುತ್ತದೆ. ಆ ಕೊಲೆಗಾಗಿ ಶಿಕ್ಷೆಗೊಳಗಾಗಿದ್ದ ವ್ಯಕ್ತಿ ಚಿತ್ರ ಬಂದ ಮರುವರ್ಷ ಬಿಡುಗಡೆಯಾದರು.

ನನ್ನ ಮುಖ್ಯ ತಕರಾರು ಬೇರೆಯೇ. ಆರೋಪಿಗೆ ಬಾಲ್ಯವಿದೆ, ಮನೆಯಿದೆ, ಫೋನ್ ಕರೆಗಳ ಧ್ವನಿಯಿದೆ; ಕೊಲೆಯಾದವರು ಮಾತ್ರ ಎರಡು ಹಳೆಯ ಫೋಟೋಗಳಲ್ಲಿ, ನಿಧಾನವಾಗಿ ಹತ್ತಿರವಾಗುವ ಕ್ಯಾಮೆರಾದ ಮುಂದೆ ಮುಗಿದುಹೋಗುತ್ತಾರೆ. ಇಷ್ಟು ವಿವರವಾದ ಲೇಖನ ಈ ಅಂಶವನ್ನು ಮುಟ್ಟದೇ ಇದ್ದುದು ಆಶ್ಚರ್ಯ.