ಕ್ಲಬ್ ತುರುಪಾದ್ರ 4 ನೋ ಟ್ರಂಪ್ ಕೇಳಬ್ಯಾಡ್ರಿ

ಬಳ್ಳಾರ್ಯಾಗ ಇಸ್ಪೀಟಿನ ಬ್ರಿಜ್ ಆಡೋ ನಮ್ಮ ಮಂದಿಗೆ ಈ ಮಾತು ಹೇಳಬೇಕಂತ ಭಾಳ ದಿನದಿಂದ ಮನಸ್ಸಿನ್ಯಾಗಿತ್ತು, ಇವತ್ತು ಬರದೇ ಬಿಡ್ತೀನಿ. ಕ್ಲಬ್ಬೋ ಡೈಮಂಡೋ ತುರುಪು ಅಂತ ಗಟ್ಟಿಯಾದ ಮ್ಯಾಲೆ ಎಕ್ಕ ಎಷ್ಟದಾವ ಅಂತ ತಿಳ್ಕೊಳ್ಳಾಕ 4 ನೋ ಟ್ರಂಪ್ ಅಂತ ಬಿಡ್ ಹೇಳೋ ಚಟ ಬಿಡ್ರಿ. (ಬಿಡ್ ಅಂದ್ರ ಹರಾಜಿನ ಕೂಗು, ಹೇಳಿದ ಅಂಕಿಗೆ 6 ಕೂಡಿಸಿದಷ್ಟು ಟ್ರಿಕ್, ಅಂದ್ರ ಸುತ್ತು, ಗೆಲ್ತೀವಿ ಅಂತ. ಕ್ಲಬ್, ಡೈಮಂಡ್, ಹಾರ್ಟ್, ಸ್ಪೇಡ್, ತುರುಪಿಲ್ಲದ ನೋ ಟ್ರಂಪ್ ಅಂತ ಏರ್ತಾ ಹೋಗಬೇಕು, ಕೆಳಗ ಬರಂಗಿಲ್ಲ.)

ಬ್ಲ್ಯಾಕ್‌ವುಡ್ ಅಂದ್ರ ಹಿಂಗ 4 ನೋ ಟ್ರಂಪ್ ಹೇಳಿ ಎಕ್ಕ ಕೇಳೋ ಪದ್ಧತಿ, ಹುಟ್ಟಿದ್ದು 1933ರಾಗ. ಈಗ ಎಲ್ಲಾರೂ ಆಡೋದು ಕೀ ಕಾರ್ಡ್ ಬ್ಲ್ಯಾಕ್‌ವುಡ್, ನಾಕು ಎಕ್ಕದ ಜೊತಿಗೆ ತುರುಪಿನ ರಾಜನ್ನೂ ಸೇರಿಸಿ ಐದು ಕೀ ಕಾರ್ಡ್. ಸ್ಪೇಡ್, ಹಾರ್ಟ್ ತುರುಪಾದ್ರ ಇದು ಚಲೋನ ನಡೀತೈತಿ, ನಾನು ಬ್ಯಾಡ ಅನ್ನಂಗಿಲ್ಲ. ಕ್ಲಬ್ ಆದ್ರ ಏನಾಗ್ತೈತಿ ನೋಡ್ರಿ. ಉತ್ತರ ಶುರುವಾಗೋದೇ 5 ಕ್ಲಬ್‌ನಿಂದ, ಪಾರ್ಟ್ನರ್ ಬ್ಯಾರೆ ಏನು ಹೇಳಿದ್ರೂ ನೀವು ನಿಲ್ಲಬೇಕಾದ ಜಾಗ, ಅಂದ್ರ 5 ಕ್ಲಬ್, ದಾಟಿ ಹೋಗಿರ್ತೀರಿ. ಹುಬ್ಬಳ್ಳಿ ಕಡೆಯಿಂದ ರೈಲಿನ್ಯಾಗ ಬರೋರು ಗುಂತಕಲ್ ಮುಟ್ಟಿದ ಮ್ಯಾಲೆ ಬಳ್ಳಾರಿ ಎಲ್ಲಿ ಅಂತ ಕೇಳಿದಂಗ ಆತು.

ಒಂದು ಕೈ ಇಟ್ಕೊಂಡು ಹೇಳ್ತೀನಿ. ನಿಮ್ಮ ಹತ್ರ ಸ್ಪೇಡ್ ರಾಜ ರಾಣಿ 5, ಹಾರ್ಟ್ ಒಂದೇ ಎಲೆ 4, ಡೈಮಂಡ್ ರಾಜ ರಾಣಿ 3, ಕ್ಲಬ್ ಎಕ್ಕ ರಾಣಿ ಗುಲಾಮ 9 6 4. ಪಾರ್ಟ್ನರ್ ಹತ್ರ ಸ್ಪೇಡ್ ಗುಲಾಮ 7 2, ಹಾರ್ಟ್ ಎಕ್ಕ ರಾಣಿ 5, ಡೈಮಂಡ್ ಗುಲಾಮ 10 4, ಕ್ಲಬ್ ರಾಜ 10 8 5. ನೀವು 1 ಕ್ಲಬ್, ಅವರು 2 ಕ್ಲಬ್ (ಇನ್ವರ್ಟೆಡ್, ಅಂದ್ರ 10 ಪಾಯಿಂಟ್ ಮ್ಯಾಲೆ ಐತಿ ಅಂತ). ಈಗ 4 ನೋ ಟ್ರಂಪ್ ಕೇಳಿದ್ರ ಅವರು 5 ಹಾರ್ಟ್ ಹೇಳ್ತಾರ, ಎರಡು ಕೀ ಕಾರ್ಡ್ ಅದಾವ, ತುರುಪಿನ ರಾಣಿ ಇಲ್ಲ. ಸ್ಪೇಡ್ ಎಕ್ಕ, ಡೈಮಂಡ್ ಎಕ್ಕ ಎರಡೂ ಎದುರಾಳಿ ಕೈಯಾಗ ಅದಾವ ಅಂತ ನಿಮಗ ಗೊತ್ತಾತು, ಗೊತ್ತಾಗಿ ಏನು ಮಾಡ್ತೀರಿ, 5 ಕ್ಲಬ್‌ಗೆ ವಾಪಸ್ ಬರಾಕ ದಾರಿ ಇಲ್ಲ, 5 ನೋ ಟ್ರಂಪ್ ಅಂದ್ರ ಪಾರ್ಟ್ನರ್ ರಾಜ ಕೇಳ್ತಿದಾರ ಅನ್ಕೊಂತಾರ, 6 ಕ್ಲಬ್ ಹೇಳಿ ಒಂದು ಡೌನ್, ಅಂದ್ರ ಒಂದು ಟ್ರಿಕ್ ಕಮ್ಮಿ.

ಅದೇ ಮೈನರ್‌ವುಡ್ (ಮೈನರ್ ಅಂದ್ರ ಕ್ಲಬ್, ಡೈಮಂಡ್) ಇಟ್ಕೊಂಡ್ರ ನೀವು 4 ಕ್ಲಬ್ ಅಂತೀರಿ, ಅದೇ ಕೀ ಕಾರ್ಡ್ ಕೇಳೋದು. 4 ಡೈಮಂಡ್ ಅಂದ್ರ ಒಂದು ಇಲ್ಲ ನಾಕು, 4 ಹಾರ್ಟ್ ಅಂದ್ರ ಸೊನ್ನೆ ಇಲ್ಲ ಮೂರು, 4 ಸ್ಪೇಡ್ ಅಂದ್ರ ಎರಡು ಆದ್ರ ರಾಣಿ ಇಲ್ಲ, 4 ನೋ ಟ್ರಂಪ್ ಅಂದ್ರ ಎರಡು ಮತ್ತ ರಾಣಿ. ಪಾರ್ಟ್ನರ್ 4 ಸ್ಪೇಡ್ ಅಂದ್ರು, ನೀವು 5 ಕ್ಲಬ್ ಹೇಳಿ ನಿಂತ್ರಿ, 11 ಟ್ರಿಕ್, ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರೋ ಸರದಿ) ಇಲ್ಲದಾಗ 400 ಪಾಯಿಂಟ್. ಡೈಮಂಡ್ ತುರುಪಾದ್ರ 4 ಡೈಮಂಡ್‌ನಿಂದ ಕೇಳೋದು, ಅಲ್ಲೂ ಎಲ್ಲಾ ಉತ್ತರ 5 ಡೈಮಂಡ್ ಒಳಗ ಮುಗೀತಾವ.

ನಮ್ಮ ಮೇಜಿನ್ಯಾಗ ಹಿರಿಯರೊಬ್ಬರು, ಬ್ಯಾಂಕಿನ್ಯಾಗಿದ್ದು ರಿಟೈರ್ ಆದೋರು, "ಮೈನರ್‌ನ್ಯಾಗ ಸ್ಲ್ಯಾಮ್ ಯಾಕ ಬೇಕ್ರಿ, 3 ನೋ ಟ್ರಂಪ್ ಹೇಳಿ ಕೂಡೋದು ಬಿಟ್ಟು" ಅಂತಾರ. ಸ್ಲ್ಯಾಮ್ ಅಂದ್ರ 12 ಇಲ್ಲ 13 ಟ್ರಿಕ್ಕಿನ ಬಿಡ್. ಅವರ ಮಾತಿನ್ಯಾಗ ಅರ್ಧ ಖರೆ ಐತಿ. ಟ್ರಿಕ್ಕಿಗೆ 20ರಂಗ ಬರೋ ಸೂಟಿನ್ಯಾಗ ಗೇಮಿಗೇ (ಬೋನಸ್ ಸಿಗೋ 100 ಪಾಯಿಂಟಿನ ಬಿಡ್) 11 ಟ್ರಿಕ್ ಬೇಕು, ಪೇರ್ಸ್ ಆಟದಾಗ (ಅದೇ ಎಲೆ ಆಡಿದ ಬ್ಯಾರೆ ಜೋಡಿಗಳ ಜೊತಿ ಹೋಲಿಸೋದು) 5 ಕ್ಲಬ್ 400 ಬಂದ್ರ 3 ನೋ ಟ್ರಂಪ್‌ನ್ಯಾಗ 430 ಮಾಡಿದೋರು ಮುಂದ ಹೋಗ್ತಾರ. ಅದಕ್ಕ 4 ಕ್ಲಬ್ ಹೇಳೋದು ಸ್ಲ್ಯಾಮ್ ಖರೇನ ಹತ್ರ ಐತಿ ಅನ್ನಿಸಿದಾಗಷ್ಟೇ. ಆದ್ರ 12 ಟ್ರಿಕ್ ಇದ್ದ ಕೈಯಾಗ 6 ಕ್ಲಬ್‌ಗೆ ವಲ್ನರಬಲ್ ಇಲ್ಲದಾಗಲೂ 920, ಅಷ್ಟೇ ಟ್ರಿಕ್ 3 ನೋ ಟ್ರಂಪ್‌ನ್ಯಾಗ ಹೊಡದ್ರ 490. ಇಷ್ಟು ಬಿಟ್ಟುಕೊಡಾಕ ನನಗಂತೂ ಮನಸ್ಸು ಬರಂಗಿಲ್ಲ.

ರೆಡ್‌ವುಡ್ ಅಂತ ಇನ್ನೊಂದೈತಿ, ಕ್ಲಬ್‌ಗೆ 4 ಡೈಮಂಡ್, ಡೈಮಂಡ್‌ಗೆ 4 ಹಾರ್ಟ್ ಹೇಳಿ ಕೇಳೋದು, ಆಗ 4 ಕ್ಲಬ್ ಬರೇ "ಸ್ಲ್ಯಾಮ್ ನೋಡೋಣೇನ್ರಿ" ಅನ್ನಾಕ ಖಾಲಿ ಉಳೀತೈತಿ. ಥಿಯರಿ ಪ್ರಕಾರ ಅದು ಒಂದು ಕೈ ಮ್ಯಾಲೆ, ಆದ್ರ 4 ಹಾರ್ಟ್ ಅಂದದ್ದನ್ನ ಪಾರ್ಟ್ನರ್ ಗೇಮ್ ಅನ್ಕೊಂಡು ಪಾಸ್ ಮಾಡಿದ್ರ ಮುಗೀತು ಕಥಿ. ವಾರಕ್ಕೊಮ್ಮೆ ಕೂಡೋ ಜೋಡಿಗಳಿಗೆ ಮೈನರ್‌ವುಡ್ಡೇ ಸಾಕು, ಇದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಎಲೆ ಹಂಚೋಕ್ಕಿಂತ ಮುಂಚೆ ಪಾರ್ಟ್ನರ್ ಜೊತಿ ಒಂದು ಖಚಿತ ಮಾಡ್ಕೊಳ್ರಿ: ಸೂಟ್ 2ನೇ ಇಲ್ಲ 3ನೇ ಲೆವೆಲ್‌ನ್ಯಾಗ ಒಪ್ಪಿಗಿ ಆಗಿ, ಇಬ್ಬರ ಕೈಯೂ ಬಲವಾಗಿದ್ರಷ್ಟೇ 4 ಮೈನರ್ ಕೀ ಕಾರ್ಡ್. ಎದುರಾಳಿ ನಡುವ ಬಾಯಿ ಹಾಕಿದ್ರ ಅದು ಮಾಮೂಲಿ ಬಿಡ್. 1 ನೋ ಟ್ರಂಪ್ ಓಪನ್ ಆದ ಮ್ಯಾಲೆ ನೇರ 4 ಕ್ಲಬ್ ಹಾರಿದ್ರ ಅದು ಗರ್ಬರ್, ಎಕ್ಕ ಕೇಳೋ ಇನ್ನೊಂದು ಪದ್ಧತಿ, ಅದನ್ನ ಮುಟ್ಟಬ್ಯಾಡ್ರಿ. ಮತ್ತ ಎದುರಾಳಿ ಕೇಳಿದ್ರ ಇದೆಲ್ಲಾ ಬಿಚ್ಚಿ ಹೇಳಬೇಕು, ನಮ್ಮ ಒಪ್ಪಂದ ಗುಟ್ಟಲ್ಲ.