ಇಬ್ಬರ ಸೊನ್ನೆಯೂ ಬೇರೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೇ ಬಿಸ್ಕೆಟ್ ಡಬ್ಬಿ ಇದೆ. ಅದರೊಳಗೆ ಮೂರು ನೋಟ್‌ಬುಕ್. ಎಂ.ಎಸ್ಸಿ. ಮುಗಿಸಿದ ಹೊಸತರಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಜಾಗದಲ್ಲಿ, ದೋಣಿ ಮೇಲೆ ಕೂತು ಬರೆದುಕೊಂಡ ಲೆಕ್ಕ. ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ, ಯಾವ ಜಾಗದ ನೀರಿಗೆ ಎಷ್ಟು ಉಪ್ಪು. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಅಳೆದೆ. ಆಮೇಲೆ ಪ್ರಾಜೆಕ್ಟ್ ಮುಗಿಯಿತು, ದುಡ್ಡೂ ಮುಗಿಯಿತು. ಉಪ್ಪು ಅಳೆಯುವ ಯಂತ್ರವನ್ನು ವಾಪಸ್ ಕೊಟ್ಟು ಬಂದೆ. ವರದಿ ಯಾವುದೋ ಕಪಾಟು ಸೇರಿತು.

ಈ ಡಬ್ಬಿ ನೆನಪಾದದ್ದು ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ. ನದಿ ಜೋಡಣೆ ಮಾತು ಬಂತು. ಪಕ್ಕದಲ್ಲಿ ಕೂತಿದ್ದ ನಮ್ಮ ಭಾವ, "ಅಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ವೇಸ್ಟ್ ಆಗ್ತದಲ್ಲ ಮಾರಾಯ" ಅಂದ. ನಾನು ಬಿಡಲಿಲ್ಲ. ಉಪ್ಪುನೀರು ತಡೆಯುವ ಕಗ್ಗ ಭತ್ತ, ತಿನ್ನುವ ಚಿಪ್ಪು ಬಳಚು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಮೀನಿನ ಮರಿ ಅಂತ ಸಾರು ಬರುವ ತನಕ ಭಾಷಣ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಆಯ್ತು, ಹಂಗಾರೆ ಸಮುದ್ರಕ್ಕೆ ಎಷ್ಟು ನೀರು ಬೇಕು? ಲೆಕ್ಕ ಹೇಳು" ಅಂದ. ನನ್ನ ಬಾಯಿ ಕಟ್ಟಿತು. ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಅವನ ಹತ್ತಿರವೂ ಇರಲಿಲ್ಲ ಬಿಡಿ, ಆದರೆ ಪ್ರಶ್ನೆ ಕೇಳಿದವನು ಅವನು.

ಅಂದಿನಿಂದ ತಲೆಯಲ್ಲಿ ಕೊರೆಯುತ್ತಿರುವುದು ಇದೇ. ನಮ್ಮಲ್ಲಿ ನದಿ ಅಳೆಯುವವರಿಲ್ಲ ಅಂತಲ್ಲ. ಸಂತೆಗುಳಿಯಲ್ಲಿ ಕೇಂದ್ರ ಜಲ ಆಯೋಗದವರು ಅಘನಾಶಿನಿಯ ನೀರು ಅಳೆಯುತ್ತಾರೆ. ಕಾರವಾರದ ಎದುರಿನ ಸಮುದ್ರದಲ್ಲಿ ಅಲೆ ಅಳೆಯಲು ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ತೇಲುಗುಂಡು ಬಿಟ್ಟಿದೆ. ಮೀನಿನ ಲೆಕ್ಕ ಕೇಂದ್ರದ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐನವರದ್ದು. ನೀರಿನ ಕೊಳಕು ನೋಡಲು ಮಾಲಿನ್ಯ ಮಂಡಳಿ ಇದೆ. ಎಲ್ಲರೂ ಅವರವರ ಕೆಲಸ ಮಾಡುತ್ತಾರೆ. ಆದರೆ ನದಿಯ ಹರಿವು ಅಳೆಯುವವರು ಭರತ ತಾಗದ ಜಾಗವನ್ನೇ ಹುಡುಕಿ ಮಾಪನ ಕೇಂದ್ರ ಇಡುತ್ತಾರೆ. ಇಡಲೇಬೇಕು. ನೀರು ಹಿಂದೆ ಮುಂದೆ ಓಡಾಡುವ ಕಡೆ ಮಟ್ಟ ನೋಡಿ ಹರಿವು ಹೇಳಲು ಆಗುವುದಿಲ್ಲ. ಸಮುದ್ರದವರ ಕೆಲಸ ಅಳಿವೆ ಬಾಗಿಲಿನಿಂದ ಆಚೆಗೆ. ನಡುವೆ ಉಳಿಯುವ ಉಪ್ಪುನೀರಿನ ಪಟ್ಟಿ ಯಾರ ಲೆಕ್ಕದಲ್ಲೂ ಇಲ್ಲ. ಉಪ್ಪು ಒಳಗಿನ ಉಪ್ಪಿನಪಟ್ಟಣದ ಕಡೆಗೂ ಏರುವ ನದಿ ಇದು. ಬಳಚು ಇರುವುದು, ಉಪ್ಪುನೀರು ನುಗ್ಗುವ ಗಜನಿ ಗದ್ದೆ ಇರುವುದು, ಜನ ಇರುವುದು ಎಲ್ಲ ಈ ಪಟ್ಟಿಯಲ್ಲೇ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ಪಟ್ಟ 2024ರಲ್ಲಿ ಸಿಕ್ಕಿದ್ದೂ ಇದಕ್ಕೇ.

ನಾನು ಪ್ರಾಜೆಕ್ಟ್ ಮಾಡುವಾಗ ಒಂದು ಕಚೇರಿಯಿಂದ ನದಿಯ ಮಟ್ಟ ತಂದೆ, ಇನ್ನೊಂದು ಕಡೆಯಿಂದ ಭರತದ ಮಟ್ಟ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಎಳೆದರೆ ಸಮುದ್ರದ ನೀರು ಗುಡ್ಡ ಹತ್ತುತ್ತಿದೆ ಅನ್ನುವ ಹಾಗೆ ಕಾಣುತ್ತಿತ್ತು! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಇಬ್ಬರ ಸೊನ್ನೆಯೂ ಬೇರೆ. ನದಿಯವರು ಸಮುದ್ರದ ಸರಾಸರಿ ಮಟ್ಟವನ್ನು ಸೊನ್ನೆ ಅನ್ನುತ್ತಾರೆ. ಬಂದರಿನವರಿಗೆ ಹಡಗು ನೆಲ ತಾಗಬಾರದು ಅನ್ನುವುದೇ ಚಿಂತೆ, ಹಾಗಾಗಿ ಇಳಿತದಲ್ಲಿ ನೀರು ತೀರಾ ಕೆಳಗಿಳಿಯುವ ಮಟ್ಟ ಅವರಿಗೆ ಸೊನ್ನೆ. ಇಬ್ಬರದ್ದೂ ಸರಿ. ಆದರೆ ಎರಡನ್ನೂ ಹೊಂದಿಸಿ ಕೊಡುವವರು ಯಾರು? ಇಂಥದ್ದೇ ಮೂರನೇ ಒಂದು ಲೆಕ್ಕಕ್ಕಾಗಿ ಒಂದು ಕಚೇರಿಗೆ ನಾಲ್ಕು ಸಲ ಹೋದೆ. ನಾಲ್ಕನೇ ಸಲ, "ಇದೆಲ್ಲಾ ಯಾಕೆ ನಿಮಗೆ?" ಅಂತ ಕೇಳಿದರು. ಒಳ್ಳೇ ಪ್ರಶ್ನೆಯೇ.

ತಮಾಷೆ ಅಂದರೆ, ನಡು ಸಮುದ್ರದ ಲೆಕ್ಕ ನಮಗೆ ಇದಕ್ಕಿಂತ ಸಲೀಸಾಗಿ ಸಿಗುತ್ತದೆ. ಆರ್ಗೋ ಅಂತ ಒಂದು ವ್ಯವಸ್ಥೆ ಇದೆ. ಹಲವು ದೇಶಗಳು ಸೇರಿ ಸುಮಾರು 4000 ತೇಲುವ ಯಂತ್ರಗಳನ್ನು ಸಮುದ್ರಕ್ಕೆ ಬಿಟ್ಟಿವೆ, ಭಾರತವೂ ಅದರಲ್ಲಿದೆ. ಯಂತ್ರ 1000 ಮೀಟರ್ ಆಳದಲ್ಲಿ ತೇಲಿಕೊಂಡಿದ್ದು, ಹತ್ತು ದಿನಕ್ಕೊಮ್ಮೆ 2000 ಮೀಟರ್ ತನಕ ಇಳಿದು, ಏರುತ್ತಾ ಬಿಸಿ ಮತ್ತು ಉಪ್ಪು ಅಳೆದು, ಮೇಲೆ ಬಂದು ಉಪಗ್ರಹಕ್ಕೆ ಕಳಿಸುತ್ತದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅರ್ಜಿ ಇಲ್ಲ, ಸಹಿ ಇಲ್ಲ. ಮನೆಯಲ್ಲಿ ಕೂತು ಅರಬ್ಬಿ ಸಮುದ್ರದ ಒಳಗಿನ ಉಪ್ಪು ನೋಡುತ್ತೇನೆ. ಅಘನಾಶಿನಿ ಅಳಿವೆಯ ತದಡಿ ಧಕ್ಕೆಯ ಪಕ್ಕದ ನೀರಿನ ಉಪ್ಪು ಬೇಕಾದರೆ ಅಟ್ಟ ಹತ್ತಬೇಕು.

ಯುರೋಪಿನಲ್ಲೂ ಇದೇ ತಲೆನೋವು ಇತ್ತು. ಡ್ಯಾನ್ಯೂಬ್ ನದಿ 10 ದೇಶ ದಾಟಿ ಕಪ್ಪು ಸಮುದ್ರ ಸೇರುತ್ತದೆ. 2000ದ ಜನವರಿಯಲ್ಲಿ ರೊಮೇನಿಯಾದ ಬಾಯಾ ಮಾರೆ ಹತ್ತಿರ ಚಿನ್ನ ತೆಗೆಯುವ ಘಟಕದ ಒಡ್ಡು ಒಡೆದು ಸಯನೈಡ್ ನೀರು ಉಪನದಿಗೆ ಬಿತ್ತು. ಅಲ್ಲಿಂದ ಹಂಗೇರಿಯ ಟಿಸಾ, ಅಲ್ಲಿಂದ ಡ್ಯಾನ್ಯೂಬ್. ವಿಷಕ್ಕೆ ಗಡಿ ಗೊತ್ತಿರಲಿಲ್ಲ. ಅದಕ್ಕೂ ಮೊದಲು ಮೇಲಿನ ದೇಶಗಳ ಹೊಲದ ಗೊಬ್ಬರವೆಲ್ಲ ಇಳಿದು ಬಂದು ಕಪ್ಪು ಸಮುದ್ರದ ವಾಯವ್ಯ ಭಾಗದಲ್ಲಿ ನೀರಿನ ಆಮ್ಲಜನಕ ಖಾಲಿಯಾಗಿ ಜೀವಿಗಳು ಸತ್ತಿದ್ದವು. ಹೊಲ ಒಂದು ದೇಶದ್ದು, ಸತ್ತ ಮೀನು ಇನ್ನೊಂದು ದೇಶದ್ದು. ಈಗ ಅಲ್ಲಿ ಡ್ಯಾನ್ಯೂಬಿಯಸ್ ಅಂತ ಒಂದು ಹಂಚಿಕೆಯ ಸಂಶೋಧನಾ ವ್ಯವಸ್ಥೆ ಕಟ್ಟುತ್ತಿದ್ದಾರೆ. 2016ರಲ್ಲಿ ಯುರೋಪಿನ ದೊಡ್ಡ ಸಂಶೋಧನಾ ಯೋಜನೆಗಳ ಪಟ್ಟಿಗೆ ಸೇರಿತು. ಅದರ ಕೇಂದ್ರ ರೊಮೇನಿಯಾದ ಮುರಿಗಿಯೋಲ್ ಅನ್ನುವ ಊರು, ನದೀಮುಖದಲ್ಲೇ. ನದಿ ಮತ್ತು ಸಮುದ್ರ ಎರಡಲ್ಲ, ಒಂದೇ ಅಂತ ಅವರು ಹೊರಟಿದ್ದಾರೆ. ಥೇಮ್ಸ್ ಅಳಿವೆ, ಇಟಲಿಯ ಪೋ ನದೀಮುಖ, ಹೀಗೆ ಬೇರೆ ಬೇರೆ ಕಡೆ ವೀಕ್ಷಣೆಯ ಜಾಗ, ಆದರೆ ಅಳೆಯುವ ರೀತಿ ಎಲ್ಲರಿಗೂ ಒಂದೇ ಇರಬೇಕು ಅನ್ನುವುದು ಲೆಕ್ಕಾಚಾರ. ನನಗೆ ಅದರಲ್ಲಿ ಇಷ್ಟವಾದದ್ದು ಕಟ್ಟಡ ಅಲ್ಲ, ಈ ಕೊನೆಯ ಮಾತು.

ನಮ್ಮಲ್ಲಿ 'ಸಂಶೋಧನಾ ಕೇಂದ್ರ' ಅಂದ ಕೂಡಲೇ ಮನಸ್ಸಿಗೆ ಬರುವುದು ಗೇಟು, ಕಟ್ಟಡ, ಶಿಲಾನ್ಯಾಸದ ಕಲ್ಲು. ನಾನು ಕೇಳುತ್ತಿರುವುದು ಬೇರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಒಂದೇ ಜಿಲ್ಲೆಯಲ್ಲಿ ಸಾಲಾಗಿ ನಾಲ್ಕು ಅಳಿವೆ. ಕಾಳಿಗೂ ಶರಾವತಿಗೂ ದೊಡ್ಡ ಅಣೆಕಟ್ಟು ಇದೆ, ಅಘನಾಶಿನಿಗೆ ಇಲ್ಲ. ಲ್ಯಾಬಿನಲ್ಲಿ ಕೋಟಿ ಕೊಟ್ಟರೂ ಹೀಗೊಂದು ಪ್ರಯೋಗ ಹೂಡಲು ಆಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಘನಾಶಿನಿ, ಶರಾವತಿ ಎರಡನ್ನೂ ಹೋಲಿಸಿ ನೋಡಿದ್ದಾರೆ. 1964ರ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಇಳಿದು ಬಂದು ಶರಾವತಿ ಅಳಿವೆಯ ಉಪ್ಪು ಕಡಿಮೆ ಆಯಿತು, ತಿನ್ನುವ ಚಿಪ್ಪುಗಳು ಅಲ್ಲಿ ಸೊರಗಿದವು. ಅಂದರೆ ನದಿಗೆ ನೀರು ಕಡಿಮೆ ಆದರೂ ಕಷ್ಟ, ಹೊತ್ತಲ್ಲದ ಹೊತ್ತಿನಲ್ಲಿ ಜಾಸ್ತಿ ಬಂದರೂ ಕಷ್ಟ. ನಮ್ಮ ಭಾವನಿಗೆ ಅವತ್ತು ಇದನ್ನು ಹೇಳಬೇಕಿತ್ತು, ಹೊಳೆಯಲಿಲ್ಲ.

ನಾಲ್ಕೂ ಕಡೆ ಒಂದೇ ಬಗೆಯ ಯಂತ್ರ, ಒಂದೇ ಸೊನ್ನೆ, ಒಂದೇ ಕಡೆ ಎಲ್ಲರಿಗೂ ಕಾಣುವ ಲೆಕ್ಕ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಕಲಿಸುವ ವಿಭಾಗ ಇದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು, ಸುರತ್ಕಲ್ಲಿನಲ್ಲಿ ಎನ್‌ಐಟಿಕೆ, ಪಕ್ಕದ ಗೋವಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಓದಿದವರಿಗೆ ಬರ ಇಲ್ಲ. ಬರ ಇರುವುದು ಯಂತ್ರ ತೊಳೆಯುವವರಿಗೆ.

ಹೌದು, ತೊಳೆಯುವವರಿಗೆ. ಉಪ್ಪುನೀರಿಗೆ ಇಳಿಸಿದ ಸೆನ್ಸರ್ ಮೇಲೆ ಕೆಲವೇ ವಾರದಲ್ಲಿ ಪಾಚಿ ಕಟ್ಟುತ್ತದೆ, ಸಣ್ಣ ಸಣ್ಣ ಚಿಪ್ಪು ಅಂಟುತ್ತದೆ. ಆಮೇಲೆ ಅದು ಕೊಡುವುದು ನದಿಯ ಲೆಕ್ಕ ಅಲ್ಲ, ಚಿಪ್ಪಿನ ಲೆಕ್ಕ. ಯಾರಾದರೂ ಹೋಗಿ ಕೆರೆದು ತೊಳೆಯಬೇಕು. ಎರಡು ಯಂತ್ರಗಳನ್ನು ಒಂದೇ ಬಕೆಟ್ ನೀರಿಗೆ ಅದ್ದಿ ಒಂದೇ ಉತ್ತರ ಬರುತ್ತದಾ ನೋಡಬೇಕು. ಈ ಕೆಲಸಕ್ಕೆ ಡಾಕ್ಟರೇಟ್ ಬೇಡ. ದೋಣಿ ನಡೆಸಲು ಬರುವ, ಭರತದ ಹೊತ್ತು ಕ್ಯಾಲೆಂಡರ್ ನೋಡದೆ ಹೇಳುವ ಹುಡುಗ ಹುಡುಗಿಯರು ತದಡಿಯಲ್ಲೂ ಕಾಗಾಲದಲ್ಲೂ ಬೇಕಾದಷ್ಟಿದ್ದಾರೆ. ಅವರಿಗೆ ತಿಂಗಳ ಸಂಬಳ ಬೇಕು, ಮೂರು ವರ್ಷದ ಪ್ರಾಜೆಕ್ಟ್ ಸಂಬಳ ಅಲ್ಲ. ಯಂತ್ರಕ್ಕೆ ದುಡ್ಡು ಕೊಡುವವರು ಇದಕ್ಕೆ ಮಾತ್ರ ಕೊಡುವುದಿಲ್ಲ. ಯಂತ್ರದ ಜೊತೆ ಫೋಟೋ ತೆಗೆಸಿಕೊಳ್ಳಬಹುದು, ತೊಳೆಯುವ ಬ್ರಷ್ ಜೊತೆ ಏನು ತೆಗೆಸಿಕೊಳ್ಳುವುದು!

ಸುಮ್ಮನೆ ಅಳೆಯುತ್ತಾ ಹೋದರೆ ಏನು ಬಂತು ಅನ್ನುವವರಿಗೆ ಮುಂಬೈ ನೆನಪು ಮಾಡುತ್ತೇನೆ. ಅಲ್ಲಿ 1878ರಿಂದ ಭರತ ಇಳಿತದ ದಾಖಲೆ ಇದೆ. ಬರೆದಿಟ್ಟವರು ಬಂದರಿನ ಕೆಲಸಕ್ಕೆ ಬರೆದರು. ಇವತ್ತು ಸಮುದ್ರ ಎಷ್ಟು ಏರಿದೆ ಅಂತ ಲೆಕ್ಕ ಹಾಕಲು ಅದೇ ಪುಸ್ತಕ ಬೇಕು. ಮತ್ತೆ ಗಂಗಾವಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾವೆಲ್ಲ ಟಿವಿ ಮುಂದೆಯೇ ಇದ್ದೆವು. ಹರಿವಿನ ರಭಸಕ್ಕೆ ಮುಳುಗುಗಾರರು ಇಳಿಯಲು ಆಗದೆ ದಿನಗಟ್ಟಲೆ ಕಾದರು. ಗೋವಾದಿಂದ ಡ್ರೆಜ್ಜರ್ ತರಿಸಬೇಕಾಯಿತು. ಕುಸಿದ ಮಣ್ಣಿನ ಜೊತೆ ನದಿಗೆ ಬಿದ್ದಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಪ್ರತಿ ವರ್ಷ ಮಳೆ ಮುಗಿದ ಮೇಲೆ ನದಿಯ ತಳ ಅಳೆದ ನಕ್ಷೆ ಇದ್ದಿದ್ದರೆ ಜೀವ ಉಳಿಯುತ್ತಿತ್ತು ಅಂತ ನಾನು ಹೇಳಲಾರೆ. ಹುಡುಕುವವರಿಗೆ ಮಣ್ಣು ಎಲ್ಲಿ ಹೊಸತು, ಎಲ್ಲಿ ಹಳತು ಅನ್ನುವುದಾದರೂ ತಿಳಿಯುತ್ತಿತ್ತು, ಅಲ್ವಾ?

ನಮ್ಮ ಬಳಗದ ಬಗ್ಗೆಯೂ ಒಂದು ಮಾತು. ಲೆಕ್ಕ ಬಚ್ಚಿಡುವುದು ಸರ್ಕಾರಿ ಕಚೇರಿ ಮಾತ್ರ ಅಲ್ಲ. ಪೇಪರ್ ಅಚ್ಚಾಗುವ ತನಕ ಕೊಡೆವು ಅನ್ನುವ ಮೇಷ್ಟ್ರುಗಳು ಇದ್ದಾರೆ. ಅಚ್ಚಾದ ಮೇಲೂ ಕೊಡದವರು ಇದ್ದಾರೆ. ಪ್ರಾಜೆಕ್ಟ್ ಮುಗಿದ ಮೇಲೆ ಡಬ್ಬಿಗೆ ಹಾಕಿ ಅಟ್ಟಕ್ಕೆ ಎಸೆದವರೂ ಇದ್ದಾರೆ.

ಹಾಗಾಗಿ ಭಾನುವಾರ ಡಬ್ಬಿ ಇಳಿಸಿದೆ. ಮೊದಲ ನೋಟ್‌ಬುಕ್ಕಿನ ಅರ್ಧ ಎಕ್ಸೆಲ್‌ಗೆ ಹಾಕಿ ಆಗಿದೆ. ಮಗಳು ಓದುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಯಾವ ಯಂತ್ರ, ಯಾವ ಜಾಗ, ಯಾವ ಸೊನ್ನೆ ಅಂತ ಮೇಲೆ ಬರೆದಿದ್ದೇನೆ. ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ. ಎರಡನೆಯದರಲ್ಲಿ ಜುಲೈ ತಿಂಗಳ ನಾಲ್ಕು ಪುಟ ಮಳೆಗೆ ನೆನೆದು ಒಂದಕ್ಕೊಂದು ಅಂಟಿಕೊಂಡಿದೆ. ಹರಿಯದ ಹಾಗೆ ಬಿಡಿಸುವುದು ಹೇಗೆ ಅಂತ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ಹೇಳಿ.